ಪದೇ ಪದೇ ಸೆನ್ಸರ್ ಹೋಗುವುದೇಕೆ?

ಹಳೆಯ ಗಾಡಿಯಲ್ಲಿ ಅದೇ ಸೆನ್ಸರ್ ಮತ್ತೆ ಮತ್ತೆ ಕೆಡುತ್ತಿದ್ದರೆ ತಪ್ಪು ಬಹುಮಟ್ಟಿಗೆ ಸೆನ್ಸರಿನದಲ್ಲ. ಅದರ ವೈರು, ಕಪ್ಲರ್, ಅರ್ಥ್, ಇಲ್ಲವೇ ಎಂಜಿನ್ನೇ ಕೆಟ್ಟಿರುತ್ತದೆ.

ಹೊಗೆಯ ನಿಯಮ ಬಿಗಿಯಾದ 2000ದ ಆಸುಪಾಸಿನಲ್ಲಿ ಭಾರತದ ಪೆಟ್ರೋಲ್ ಕಾರುಗಳಲ್ಲಿ ಕಾರ್ಬೊರೇಟರಿನ ಜಾಗಕ್ಕೆ ಎಂಪಿಎಫ್‌ಐ ಎಂಬ ಪೆಟ್ರೋಲ್ ಚಿಮ್ಮಿಸುವ ವ್ಯವಸ್ಥೆ ಬಂತು. ಮಾರುತಿ 800ಕ್ಕೂ ಇಸಿಎಂ ಎಂಬ ಪುಟ್ಟ ಕಂಪ್ಯೂಟರ್ ಸೇರಿತು. ಆ ಪೀಳಿಗೆಯ ಗಾಡಿಗಳ ವೈರಿಂಗ್‌ಗೆ ಈಗ ಇಪ್ಪತ್ತು ವರ್ಷ ದಾಟಿದೆ. ಪಾಂಡವಪುರದಂಥ ನಾಲೆ ಬಯಲಿನಲ್ಲಿ ಮಳೆಗಾಲದ ಕೆಸರು, ಬೇಸಿಗೆಯ ದೂಳು ಎರಡೂ ಕಪ್ಲರಿನೊಳಗೆ ಸೇರಿ ಪಿನ್ನಿಗೆ ಕಿಲುಬು ಹಿಡಿಸುತ್ತವೆ. ಕಬ್ಬಿನ ಗದ್ದೆಯ ಮಗ್ಗುಲಲ್ಲಿ ರಾತ್ರಿ ನಿಂತ ಗಾಡಿಯಾದರೆ ಇಲಿಯ ಕಾಟ ಬೇರೆ; ಎಂಜಿನ್ನಿನ ಬಿಸುಪು ಹುಡುಕಿಕೊಂಡು ಬಂದು ವೈರಿನ ಹೊದಿಕೆಯನ್ನು ಕಡಿದು ಹೋಗುತ್ತದೆ.

ಇಸಿಎಂಗೆ ತಿಳಿಯುವುದು ವೋಲ್ಟೇಜ್ ಮಾತ್ರ. ಕೂಲೆಂಟ್ ಸೆನ್ಸರಿಗೆ ಅದು 5 ವೋಲ್ಟ್ ಕೊಡುತ್ತದೆ. ಬಿಸಿ ಏರಿದಂತೆ ಸೆನ್ಸರಿನ ರೋಧ ಇಳಿಯುತ್ತದೆ: ಹಲವು ಗಾಡಿಗಳಲ್ಲಿ 20 ಡಿಗ್ರಿಯಲ್ಲಿ ಎರಡೂವರೆ ಸಾವಿರ ಓಮ್ ಆಸುಪಾಸು, 80 ಡಿಗ್ರಿಯಲ್ಲಿ ಮುನ್ನೂರರ ಆಸುಪಾಸು. ವೈರು ತುಂಡಾದರೆ ವೋಲ್ಟೇಜ್ ಐದರಲ್ಲೇ ನಿಲ್ಲುತ್ತದೆ. ಆಗ ಸ್ಕ್ಯಾನರಿನಲ್ಲಿ ಮೈನಸ್ 40 ಡಿಗ್ರಿ ಕಾಣಬಹುದು, ಮಂಡ್ಯ ಜಿಲ್ಲೆಯ ಏಪ್ರಿಲ್‌ನಲ್ಲೂ! ಜೊತೆಗೆ ಬರುವ ಪಿ 0118 ಕೋಡು ಹೇಳುವುದು ಆ ಸರ್ಕ್ಯೂಟಿನಲ್ಲಿ ವೋಲ್ಟೇಜ್ ಹೆಚ್ಚಿದೆ ಎಂದಷ್ಟೇ. ಸೆನ್ಸರ್ ಬದಲಿಸಿ ಎಂದಲ್ಲ. ಕೋಡು ನೋಡಿದ ಕೂಡಲೇ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗುವುದು ದುಡ್ಡು ದಂಡದ ದಾರಿ.

ಮೂರು ಸೆನ್ಸರಿನ ಕೋಡು ಒಟ್ಟಿಗೇ ಬಂದರೆ ಇನ್ನೂ ಹುಷಾರಾಗಿರಬೇಕು. ಅನೇಕ ಗಾಡಿಗಳಲ್ಲಿ 5 ವೋಲ್ಟಿನ ಒಂದೇ ಲೈನು ಹಲವು ಸೆನ್ಸರುಗಳಿಗೆ ಹಂಚಿಕೆಯಾಗಿರುತ್ತದೆ. ಒಂದು ಶಾರ್ಟ್ ಆದರೆ ಉಳಿದವೂ ಸತ್ತಂತೆ ತೋರುತ್ತವೆ. ಕಪ್ಲರುಗಳನ್ನು ಒಂದೊಂದಾಗಿ ಕಳಚುತ್ತ ಹೋದರೆ, ಯಾವುದನ್ನು ತೆಗೆದಾಗ 5 ವೋಲ್ಟ್ ಮರಳುತ್ತದೋ ಕಳ್ಳ ಅಲ್ಲೇ.

ಅರ್ಥ್ ಪರೀಕ್ಷೆಗೆ ಸಾಮಾನ್ಯ ಮಲ್ಟಿಮೀಟರ್ ಸಾಕು. ಒಂದು ಕಡ್ಡಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಎಂಜಿನ್ ಬ್ಲಾಕಿನ ಬರಿ ಲೋಹಕ್ಕೆ. ಇನ್ನೊಬ್ಬರು ಸೆಲ್ಫ್ ಹೊಡೆಯುವಾಗ ಅರ್ಧ ವೋಲ್ಟಿಗಿಂತ ಹೆಚ್ಚು ತೋರಿದರೆ ಅರ್ಥ್ ಪಟ್ಟಿ ಬಿಚ್ಚಿ ತುಕ್ಕು ಉಜ್ಜಬೇಕು. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ ಸುಮಾರು 14 ವೋಲ್ಟ್ ಇರಬೇಕು. 15 ದಾಟಿದರೆ ಆಲ್ಟರ್ನೇಟರಿನ ರೆಗ್ಯುಲೇಟರ್ ಮೇಲೆ ಅನುಮಾನ.

ಕ್ರ್ಯಾಂಕ್ ಸೆನ್ಸರಿನ ಕತೆ ಬೇರೆ. ಬಿಸಿಯಾದಾಗ ಕೈಕೊಟ್ಟು, ತಣಿದ ಮೇಲೆ ಏನೂ ಆಗದಂತೆ ಎಂಜಿನ್ ಸ್ಟಾರ್ಟ್ ಆಗುವುದು ಅದರ ಗುರುತು. ಗ್ಯಾರೇಜಿಗೆ ಬರುವಷ್ಟರಲ್ಲಿ ದೋಷ ಮಾಯವಾಗಿರುವುದರಿಂದ ಎಂಜಿನ್ ಕಾದಿರುವಾಗಲೇ ವೈರಿಂಗ್ ಅಲ್ಲಾಡಿಸಿ ನೋಡಬೇಕು. ಆಕ್ಸಿಜನ್ ಸೆನ್ಸರ್ ಪದೇ ಪದೇ ಹೋದರೆ ಎಂಜಿನ್ ಆಯಿಲ್ ಕುಡಿಯುತ್ತಿದೆಯೇ, ಹೆಡ್ ಗ್ಯಾಸ್ಕೆಟ್‌ನಿಂದ ಕೂಲೆಂಟ್ ಒಳಗೆ ಸೋರುತ್ತಿದೆಯೇ ನೋಡಬೇಕು; ಅವು ಉರಿದು ಬಿಡುವ ಪದರ ಹೊಸ ಸೆನ್ಸರನ್ನೂ ಮುಚ್ಚಿಬಿಡುತ್ತದೆ.

ಕಡಿದ ವೈರಿಗೆ ಬರೀ ಇನ್ಸುಲೇಷನ್ ಟೇಪು ಸುತ್ತಿದರೆ ಬಿಸಿಗೆ ಅಂಟು ಬಿಟ್ಟು ನೀರು ನುಗ್ಗುತ್ತದೆ. ಬೆಸುಗೆ ಹಾಕಿ, ಬಿಸಿಗೆ ಕುಗ್ಗುವ ಕೊಳವೆ ತೊಡಿಸಿ, ಸೈಲೆನ್ಸರಿನಿಂದ ದೂರ ಕ್ಲಿಪ್ ಮಾಡಬೇಕು. ಬಳಿಕ ಕೋಡು ಅಳಿಸಿ, ರೇಡಿಯೇಟರ್ ಫ್ಯಾನ್ ತಿರುಗುವವರೆಗೆ ಎಂಜಿನ್ ಓಡಿಸಿ ಮತ್ತೊಮ್ಮೆ ಸ್ಕ್ಯಾನ್ ಮಾಡಬೇಕು.