ಖಟಕ ಚಿಂಚೋಳಿಯ ಬಾಂಬೆ ಟೇಪು

ತೊಂಬತ್ತು ನಿಮಿಷದ ಸೋನಿ ಕ್ಯಾಸೆಟ್ಟು. ಚೀಟಿಯ ಮೇಲೆ ಬಾಲ್‌ಪೆನ್ನಿನ ಇಂಗ್ಲಿಷ್ ಅಕ್ಷರ: ‘ಲೆಡ್ ಜೆಪ್, ಬಾಂಬೆ’. ಭಾಲ್ಕಿ ತಾಲ್ಲೂಕಿನ ಖಟಕ ಚಿಂಚೋಳಿಗೆ ನಾನು ಹೋಗಿದ್ದು ಹಳೇ ಭಜನಾ ಕ್ಯಾಸೆಟ್ ಹುಡುಕಿಕೊಂಡು. ರೇಡಿಯೊ ರಿಪೇರಿಯಿಂದ ಮೊಬೈಲ್ ರಿಪೇರಿಗೆ ಬಡ್ತಿ ಪಡೆದ ಅಂಗಡಿಯ ಅಟ್ಟದ ಮೇಲೊಂದು ರಟ್ಟಿನ ಡಬ್ಬಿ. ಅದರೊಳಗೆ ತತ್ವಪದ, ರಾಜಕುಮಾರ್, ಮರಾಠಿ ಅಭಂಗಗಳ ನಡುವೆ ಈ ಇಂಗ್ಲೆಂಡಿನ ಅತಿಥಿ.

‘ನಮ್ ಮಾವ ಬಂಬಯ್ದಾಗ ಇದ್ದರಿ. ಫುಟ್‌ಪಾತಿನ್ಯಾಗ ತಗೊಂಡು ಬಂದಿದ್ದ. ಇಂಗ್ಲಿಷ್ ಹಾಡು ಅಂದ. ಹಚ್ಚಿ ನೋಡಿದ್ರ ತಬಲಾ ಬಾರ್ಸ್ಲತ್ತಾರ!’ ಎಂದು ಅಂಗಡಿಯವರು ನಕ್ಕರು. ಸ್ಪಿರಿಟ್ಟಿನ ಹತ್ತಿಯಿಂದ ಟೂ-ಇನ್-ವನ್‌ನ ಹೆಡ್ ಒರೆಸಿದರು, ಸಡಿಲಾದ ಬೆಲ್ಟ್ ಬದಲಿಸಿದರು, ಗುಂಡಿ ಒತ್ತಿದರು. ಮೊದಲು ಬಂದದ್ದು ಬರೀ ಸರಸರ. ಅದರ ಹಿಂದಿನಿಂದ ನಿಧಾನಕ್ಕೆ ತಬಲಾ, ತಂತಿವಾದ್ಯ, ಗಿಟಾರ್.

ನನ್ನ ಕೂದಲು ನಿಮಿರಿತು. ‘ಬಾಂಬೆ ಸೆಷನ್ಸ್’ ಎಂದು ಅಭಿಮಾನಿಗಳು ದಶಕಗಟ್ಟಲೆ ಕಳ್ಳಪ್ರತಿಗಳಲ್ಲಿ ದಾಟಿಸಿಕೊಂಡು ಬಂದ ರೆಕಾರ್ಡಿಂಗ್ ಅದು. 1972ರಲ್ಲಿ ಇಂಗ್ಲೆಂಡಿನ ರಾಕ್ ಬ್ಯಾಂಡು ಲೆಡ್ ಜೆಪ್ಪೆಲಿನ್‌ನಿಂದ ಗಿಟಾರಿನ ಜಿಮ್ಮಿ ಪೇಜ್, ಗಾಯಕ ರಾಬರ್ಟ್ ಪ್ಲಾಂಟ್ ಇಬ್ಬರೇ ಮುಂಬೈಯ ಸ್ಟುಡಿಯೊ ಹೊಕ್ಕು, ಅಲ್ಲಿನ ವಾದ್ಯಗಾರರ ಜತೆ ತಮ್ಮ ಎರಡು ಹಾಡುಗಳನ್ನು ಮತ್ತೆ ನುಡಿಸಿದರು: 1970ರ ಮೂರನೇ ಆಲ್ಬಮ್ಮಿನ ‘ಫ್ರೆಂಡ್ಸ್’, 1971ರ ನಾಲ್ಕನೆಯದರ ‘ಫೋರ್ ಸ್ಟಿಕ್ಸ್’. ಡ್ರಮ್ಮಿನ ಜಾನ್ ಬೋನಮ್, ಬೇಸ್ ಗಿಟಾರಿನ ಜಾನ್ ಪಾಲ್ ಜೋನ್ಸ್ ಬಂದಿರಲಿಲ್ಲ. ಅದೇ ವರ್ಷ ಕೊಲಾಬಾದ ‘ಸ್ಲಿಪ್ ಡಿಸ್ಕ್’ ಎಂಬ ಪುಟ್ಟ ಕ್ಲಬ್ಬಿನಲ್ಲಿ ಈ ಜೋಡಿ ಸ್ಥಳೀಯ ಹುಡುಗರ ಜತೆ ನುಡಿಸಿದ್ದೂ ಉಂಟು. ಬೋನಮ್ 1980ರಲ್ಲಿ ತೀರಿಕೊಂಡ ಮೇಲೆ ಬ್ಯಾಂಡು ಮುಗಿಯಿತು. ಉಳಿದ ಹಾಡುಗಳನ್ನು ಗುಡ್ಡೆಹಾಕಿ 1982ರಲ್ಲಿ ‘ಕೋಡಾ’ ತಂದಾಗಲೂ ಬಾಂಬೆ ಟೇಪಿಗೆ ಜಾಗ ಸಿಗಲಿಲ್ಲ. 1994ರಲ್ಲಿ ಪೇಜ್–ಪ್ಲಾಂಟ್ ಜೋಡಿ ಇದೇ ಎರಡು ಹಾಡುಗಳನ್ನು ಈಜಿಪ್ಟಿನ ವಾದ್ಯಗಾರರೊಂದಿಗೆ ಮತ್ತೆ ಕೈಗೆತ್ತಿಕೊಂಡಿತು. ಮುಂಬೈಯ ಮೂಲ ಮಾತ್ರ 2015ರ ‘ಕೋಡಾ’ ಮರುಬಿಡುಗಡೆಯಲ್ಲಿ, ‘ಬಾಂಬೆ ಆರ್ಕೆಸ್ಟ್ರಾ’ ಎಂಬ ಹೆಸರಿನಲ್ಲಿ, 43 ವರ್ಷ ತಡವಾಗಿ ಹೊರಬಂತು.

ಅಪ್ರಕಟಿತ ಧ್ವನಿಮುದ್ರಿಕೆಗಳ ಬಗ್ಗೆ ನನಗೊಂದು ಅನುಮಾನ ಇದ್ದೇ ಇದೆ. ಕಲಾವಿದ ಬೇಡವೆಂದು ಬದಿಗಿಟ್ಟದ್ದರಲ್ಲಿ ಹೆಚ್ಚಿನದು ನಿಜಕ್ಕೂ ಬೇಡವಾದದ್ದೇ. ಆದರೆ ‘ಫೋರ್ ಸ್ಟಿಕ್ಸ್’ ಬೇರೆ ಜಾತಿಯದು. ಬೋನಮ್ ಒಂದೊಂದು ಕೈಯಲ್ಲಿ ಎರಡೆರಡು ಕೋಲು ಹಿಡಿದು ಬಾರಿಸಿದ್ದಕ್ಕೆ ಆ ಹೆಸರು. ಎಣಿಕೆ ಐದರಲ್ಲಿ ನಡೆಯುತ್ತ ನಡೆಯುತ್ತ ಆರಕ್ಕೆ ಜಾರುತ್ತದೆ, ಮತ್ತೆ ಐದಕ್ಕೆ ಮರಳುತ್ತದೆ. ರಾಕ್ ಕೇಳುವವರು ಇದನ್ನು ದೊಡ್ಡ ಒಗಟೆಂಬಂತೆ ಚರ್ಚಿಸುತ್ತಾರೆ. ಭಜನೆಯಲ್ಲಿ ತಬಲಾ ನುಡಿಸುವ ನಮ್ಮ ಅಂಗಡಿಯವರು ಮೊದಲು ಸುಮ್ಮನೆ ಕೇಳಿದರು. ಎರಡನೇ ಸಲ ಹೆಬ್ಬೆರಳಿನಿಂದ ಬೆರಳ ಗೆಣ್ಣು ಎಣಿಸಿದರು. ಮೂರನೇ ಸಲ ಮೇಜಿನ ಮೇಲೆ ಅಂಗೈ ಬಡಿದರು: ‘ಐದು ಹಿಡದಾರರಿ. ನಡುವ ಒಂದು ಮಾತ್ರಿ ಹೆಚ್ಚ ಹಾಕಿ ಆಟ ಆಡ್ಲತ್ತಾರ. ಆದ್ರ ಸಮಕ್ಕ ಎಲ್ಲಿ ಬರ್ತಾರ, ಅದು ಹೇಳ್ರಿ?’ ಸಮ ಎಂದರೆ ತಾಳದ ಸುತ್ತು ಶುರುವಾಗುವ ಮೊದಲ ಪೆಟ್ಟು; ಅದೆಲ್ಲಿ ಎಂದು ನನಗೆ ಹೇಳಲಾಗಲಿಲ್ಲ. ರಿವೈಂಡ್ ಮಾಡಿ ಮಾಡಿ ಮತ್ತೆ ಎಣಿಸಿದೆವು. ಚಹಾ ಎರಡು ಸಲ ಬಂತು. ರಿಪೇರಿಗೆ ಫೋನ್ ತಂದ ಹುಡುಗನೊಬ್ಬ ಬೇಸತ್ತು ಹೊರಟುಹೋದ.

ಸಮ ಸಿಗುವ ಮೊದಲೇ ಟೇಪಿನಲ್ಲಿ ‘ಟಕ್’ ಎಂದಿತು. ಗಿಟಾರ್ ಮಾಯ. ಗರಗರ ತಿರುಗುವ ಬೀಸುಕಲ್ಲಿನ ಸದ್ದು, ಅದರ ಜತೆಗೆ ವಯಸ್ಸಾದ ಹೆಣ್ಣುದನಿ. ಕಲ್ಲಿನ ಸುತ್ತು ಮುಗಿದಲ್ಲೇ ಸಾಲೂ ಮುಗಿಯುತ್ತಿತ್ತು. ಸಮ ಎಲ್ಲಿ ಎಂದು ಹುಡುಕುವ ಪ್ರಶ್ನೆಯೇ ಇಲ್ಲ.

‘ಅದು ನಮ್ಮವ್ವರಿ. ಖಾಲಿ ಕ್ಯಾಸೆಟ್ ಇರಲಿಲ್ಲ, ಇದರ ಮ್ಯಾಲೇ ತುಂಬಿದೆ. ಆಮ್ಯಾಲ ಇದನ್ನ ಮುರದೆ,’ ಎಂದು ಕ್ಯಾಸೆಟ್ಟಿನ ನೆತ್ತಿ ತೋರಿಸಿದರು. ಮತ್ತೆ ಯಾರೂ ಅದರ ಮೇಲೆ ತುಂಬದ ಹಾಗೆ ತಡೆಯುವ ಪ್ಲಾಸ್ಟಿಕ್ ಚೂರನ್ನು ಅವರು ಕಿತ್ತಿದ್ದರು. ಲೆಡ್ ಜೆಪ್ಪೆಲಿನ್ ಉಳಿಯಲೆಂದು ಕಿತ್ತದ್ದಲ್ಲ ಅದು.

ನನ್ನ ಫೋನಿಗೆ ಎರಡನ್ನೂ ಇಳಿಸಿಕೊಡಿ ಎಂದೆ. ಇಂಗ್ಲಿಷ್ ಹಾಡು ಕೊಟ್ಟರು. ಬೀಸುವ ಪದಕ್ಕೆ ತಲೆ ಅಲ್ಲಾಡಿಸಿದರು: ‘ಅವ್ವ ಮನ್ಯಾಗ ಹಾಡಿದ್ದು. ಊರಿಗೆಲ್ಲ ಕೇಳಸ್ರಿ ಅಂತ ಆಕಿ ಹೇಳಿಲ್ಲ.’ ಜಿಮ್ಮಿ ಪೇಜ್‌ಗೆ ಮನಸ್ಸು ಬರಲು 43 ವರ್ಷ ಬೇಕಾಯಿತು. ಈ ಮಗನನ್ನು ಅವಸರಪಡಿಸಲು ನಾನ್ಯಾರು? ಉಳಿಸುವುದು ಬೇರೆ, ಬಿಡುಗಡೆ ಮಾಡುವುದು ಬೇರೆ. ಬೇಲೂರಿನಿಂದ ಬೀದರದವರೆಗೆ ದನಿ ಸಂಗ್ರಹಿಸುತ್ತೇವೆಂದು ಮೈಕ್ ಹಿಡಿದು ಓಡಾಡುವ ನಮ್ಮಂಥವರು ಇದನ್ನು ಮರೆಯುವುದೇ ಹೆಚ್ಚು.

ಆದರೂ ಬರುವ ಮುಂಚೆ ಒಂದು ಕೆಲಸ ಮಾಡಿಸಿದೆ. ಅವ್ವನ ದನಿ ಈಗ ಅವರ ಫೋನಿನಲ್ಲೂ ಮಗಳ ಫೋನಿನಲ್ಲೂ ಇದೆ. ನಿಮ್ಮ ಮನೆಯ ಅಟ್ಟದಲ್ಲೂ ಅಂಥದ್ದೊಂದು ಕ್ಯಾಸೆಟ್ ಇದ್ದರೆ, ಚೀಟಿಯ ಮೇಲಿನ ಹೆಸರು ನಂಬಿ ಎಸೆಯಬೇಡಿ; ಕೊನೆತನಕ ಕೇಳಿ. ನೆತ್ತಿಯ ಚೂರು ಮುರಿಯಿರಿ, ಇನ್ನೊಂದು ಪ್ರತಿ ಮಾಡಿಟ್ಟುಕೊಳ್ಳಿ. ಯಾರಿಗೆ ಕೇಳಿಸಬೇಕೆಂಬುದನ್ನು ಆಮೇಲೆ ನಿಧಾನಕ್ಕೆ ಯೋಚಿಸಬಹುದು.