ಫಲ ನಿಲ್ಲಿಸಿದ ಹಿತ್ತಲ ಸೇಬುಗಿಡದ ಚಾಟಣಿ

ಸೇಬು ಶೀತಪ್ರದೇಶದ ಫಲವೆಂಬ ಮಾತು ಈಗ ಪೂರ್ತಿ ನಿಜವಾಗಿ ಉಳಿದಿಲ್ಲ. ಮುಧೋಳ ಸೀಮೆಯ ಕುಳಲಿ ಗ್ರಾಮದ ಶ್ರೀಶೈಲ ತೇಲಿಯವರು 35 ಡಿಗ್ರಿಗೆ ಮೀರಿದ ಬಿಸಿಲಿನಲ್ಲಿ ಸೇಬು ಬೆಳೆದುದನ್ನು ಪ್ರಧಾನಮಂತ್ರಿಗಳು 2025ರ ಏಪ್ರಿಲದಲ್ಲಿ ತಮ್ಮ ಬಾನುಲಿ ಭಾಷಣದಲ್ಲಿ ಪ್ರಸ್ತಾಪಿಸಿದರು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗಗಳಲ್ಲಿ ಹಿತ್ತಲಿಗೆ ಒಂದೆರಡು ಗಿಡ ಹಚ್ಚಿದ ಗೃಹಸ್ಥರಿಗೆ ಈ ಸೂಚನೆಗಳು ಉಪಯೋಗವಾಗಬಹುದು. ಎರಡು ಮೂರು ಸಾರೆ ಫಲಿಸಿದ ಗಿಡವು ಮುಂದೆ ಬರಿಯ ಎಲೆಯನ್ನೇ ಬಿಡಹತ್ತಿದರೆ, ಗೊಡ್ಡಾಯಿತೆಂದು ಅದಕ್ಕೆ ಕೊಡಲಿ ಹಾಕಬಾರದು. ದ್ರಾಕ್ಷಿಯಂತೆ ಅದನ್ನು ಸವರಲೂ ಬಾರದು.

ದ್ರಾಕ್ಷಿಯು ಬಲಿತ ಕಡ್ಡಿಯಿಂದ ಹೊರಟ ಹೊಸ ಚಿಗುರಿನಲ್ಲಿ ಗೊನೆ ಬಿಡುವದರಿಂದ ಅದನ್ನು ಮೊಟಕಾಗಿ ಕತ್ತರಿಸುವದು ಯುಕ್ತವೇ. ಸೇಬಿನ ರೀತಿ ಬೇರೆ. ಅದರ ಹಳೆಯ ಟೊಂಗೆಗಳ ಮೇಲೆ ಗಂಟುಗಂಟಾದ, ದುಂಡು ಮೊಗ್ಗಿನ ಗಿಡ್ಡ ಕಡ್ಡಿಗಳಿರುತ್ತವೆ. ಹೆಚ್ಚಿನ ಹಣ್ಣು ಇವುಗಳಲ್ಲಿಯೇ ಬಂದು, ಒಂದೊಂದು ಕಡ್ಡಿಯು ಹಲವು ವರ್ಷ ಫಲ ಕೊಡುವದು. ತುದಿಗಳನ್ನೆಲ್ಲ ಸಮನಾಗಿ ಸವರಿದರೆ ನೆಟ್ಟಗೇರುವ ನೀರುಚಿಗುರುಗಳು ಹುಟ್ಟಿ, ನೆರಳು ದಟ್ಟವಾಗಿ, ಈ ಫಲಗಡ್ಡಿಗಳು ಸೊರಗುವವು.

ಕತ್ತರಿ ಹಿಡಿಯುವ ಮೊದಲು ಕಾರಣವನ್ನು ಶೋಧಿಸತಕ್ಕದ್ದು. 'ಅನ್ನಾ' ಜಾತಿಗೆ ಪರಾಗಕ್ಕಾಗಿ 'ಡಾರ್ಸೆಟ್ ಗೋಲ್ಡನ್' ಮುಂತಾದ ಬೇರೆ ಜಾತಿಯ ಗಿಡ ಸಮೀಪದಲ್ಲಿರಬೇಕು. ಜೊತೆಗಿಡ ಸತ್ತಿದ್ದರೆ ಚಾಟಣಿಯಿಂದ ಕಾಯಿ ಕಟ್ಟದು. ಗೊಬ್ಬರ, ನೀರು ಅತಿಯಾದರೂ ಎಲೆಯೇ ಹೆಚ್ಚುವದು. ಹಿಂದಿನ ವರ್ಷ ಹಣ್ಣಿನ ಭಾರ ವಿಪರೀತವಾಗಿದ್ದರೆ ಗಿಡವು ಒಂದು ವರ್ಷ ದಣಿವಾರಿಸಿಕೊಳ್ಳುವದೂ ಉಂಟು.

ಹಿಮಾಲಯದ ಅನೇಕ ಜಾತಿಗಳಿಗೆ 7 ಡಿಗ್ರಿಯ ಕೆಳಗಿನ ಚಳಿ ಸುಮಾರು 1,000 ಗಂಟೆ ಬೇಕು. 'ಅನ್ನಾ'ಕ್ಕೆ ಸುಮಾರು 300 ಗಂಟೆ ಸಾಕು. ನಮ್ಮಲ್ಲಿ ಅಷ್ಟೂ ಚಳಿ ಬೀಳದಿರುವದರಿಂದ ಎಲೆ ತಾವಾಗಿ ಉದುರವು. ಆದುದರಿಂದ ಡಿಸೆಂಬರದಲ್ಲಿ ನೀರು ಕಡಿಮೆ ಮಾಡಿ, ಮೊಗ್ಗಿಗೆ ಪೆಟ್ಟಾಗದಂತೆ ಎಲೆಗಳನ್ನು ಕೈಯಿಂದ ತೆಗೆಯಬೇಕು. ಜಾವಾ ದ್ವೀಪದಲ್ಲಿ ಇದೇ ಉಪಾಯದಿಂದ ವರ್ಷಕ್ಕೆ ಎರಡು ಬೆಳೆ ತೆಗೆಯುತ್ತಾರೆ. ಬೆಂಗಳೂರಿನ ಇಂತಹ ಎರಡು ಬೆಳೆಯ ವಿಷಯವನ್ನು ಎಚ್. ಸಿ. ಜವರಾಯರು 1943ರಲ್ಲಿಯೇ ಬರೆದಿದ್ದರು.

ಎಲೆ ತೆಗೆದ ಮೇಲೆ ಗಿಡದ ಅಂಗಾಂಗ ಸ್ಪಷ್ಟವಾಗಿ ಕಾಣುವದು. ಮೊದಲು ಒಣಗಿದ, ರೋಗ ತಗಲಿದ ಟೊಂಗೆಗಳನ್ನೂ ಕಸಿಯ ಗಂಟಿನ ಕೆಳಗಿನ ಚಿಗುರುಗಳನ್ನೂ ತೆಗೆಯಿರಿ. ಆಮೇಲೆ ಒಂದಕ್ಕೊಂದು ಉಜ್ಜುವ ಟೊಂಗೆಗಳಲ್ಲಿ ಒಂದನ್ನೂ, ನಡುವಿನ ನೀರುಚಿಗುರುಗಳನ್ನೂ ಬುಡದಿಂದ ಬಿಡಿಸಿರಿ. ಮೋಟು ಉಳಿಸಬಾರದು, ಟೊಂಗೆಯ ಬುಡದ ಉಬ್ಬನ್ನು ಕೊಯ್ಯಲೂ ಬಾರದು. ಒಂದು ವರ್ಷದಲ್ಲಿ ನಾಲ್ಕನೆಯ ಒಂದು ಪಾಲಿಗಿಂತ ಹೆಚ್ಚು ಕತ್ತರಿಸದೆ, ಉಳಿದ ಕೆಲಸವನ್ನು ಮುಂದಿನ ಎರಡು ವರ್ಷಗಳಿಗೆ ಹಂಚಿರಿ. ನೆಟ್ಟಗೇರಿದ ಎಳೆಯ ಟೊಂಗೆಯನ್ನು ಹಗ್ಗದಿಂದ ಓರೆಯಾಗಿ ಬಗ್ಗಿಸಿ ಕಟ್ಟಿದರೆ ಅದೇ ಫಲಗಡ್ಡಿಗಳನ್ನು ಬಿಡುವದು.

ದೊಡ್ಡ ಗಾಯಗಳಿಗೆ 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣ, 1 ಲೀಟರ ನೀರು ಸೇರಿಸಿದ ಬೋರ್ಡೋ ಮುಲಾಮನ್ನು ಹಚ್ಚಬೇಕು. ಇದನ್ನು ಕಬ್ಬಿಣದ ಪಾತ್ರೆಯಲ್ಲಿ ಕಲಸಬಾರದು. ನಮ್ಮ ಬೇಸಿಗೆಯು ಉಗ್ರವಾದುದರಿಂದ ಬಿಸಿಲಿಗೆ ತೆರೆದ ಕಾಂಡಕ್ಕೆ ಸುಣ್ಣ ಬಳಿಯುವದೂ ಅವಶ್ಯ.

ಮೊದಲ ವರ್ಷವೇ ಪೂರ್ಣ ಫಲವನ್ನು ನಿರೀಕ್ಷಿಸಬಾರದು. ಹೊಸ ಫಲಗಡ್ಡಿಗಳು ಬಲಿಯಲು ಒಂದೆರಡು ವರ್ಷ ಹಿಡಿಯುವದು. ಊರ ಹಿರಿಯರು ತಮ್ಮ ಹಿತ್ತಲ ಒಂದು ಗಿಡವನ್ನು ನಾಲ್ವರೆದುರು ಹೀಗೆ ಚಾಟಣಿ ಮಾಡಿಸಿ ತೋರಿಸಿದರೆ, ಕೊಡಲಿಗೆ ಬಲಿಯಾಗಲಿದ್ದ ಹಲವು ಗಿಡಗಳು ಉಳಿದಾವು.