ಮುಯ್ಯಿಯ ಚಂದಾದಾರರು

ಮದುವೆಯ ಮುಯ್ಯಿ ನಮಗೆಲ್ಲ ತಿಳಿದದ್ದೇ. ಅದೀಗ ಯೂಟ್ಯೂಬಿಗೂ ಬಂದಿದೆ: ನೀವು ನನ್ನ ವಾಹಿನಿಗೆ ಚಂದಾದಾರರಾಗಿರಿ, ನಾನು ನಿಮ್ಮದಕ್ಕೆ. ವಡಾಲದ ವಿಠ್ಠಲ ಮಂದಿರದ ಆಷಾಢ ಏಕಾದಶಿಯ ಹೊತ್ತಿಗೆ ನನ್ನಾಕೆ ಹಾಡಿದ ದಾಸರ ಪದಗಳನ್ನು ಏರಿಸಿ, ನಾನೂ ಇಂಥದೊಂದು ಬಳಗ ಸೇರಿದೆ. ತಿಂಗಳಲ್ಲಿ 40 ಮಂದಿ 600 ಆದರು. ಲಾಭವಿಲ್ಲವೆನ್ನಲಾರೆ; ಸೊನ್ನೆಯೆದುರು ಹಾಡುವ ಸಂಕೋಚ ಆಕೆಗೆ ಹೋಯಿತು, ಧಾರವಾಡದ ಇಬ್ಬರು ನಿಜವಾದ ಕೇಳುಗರಾದರು. ಆದರೆ ದೀರ್ಘ ವೀಡಿಯೋಗಳಿಂದ ಜಾಹೀರಾತಿನ ಪಾಲು ಸಿಗಬೇಕಾದರೆ 1000 ಚಂದಾದಾರರೊಡನೆ ವರ್ಷಕ್ಕೆ 4000 ಗಂಟೆಗಳ ವೀಕ್ಷಣೆಯೂ ಬೇಕು. ಮುಯ್ಯಿಗೆ ಬಂದವರು ಊಟಕ್ಕೆ ನಿಲ್ಲಲಿಲ್ಲ; ಅರ್ಧ ನಿಮಿಷಕ್ಕೇ ಎದ್ದರು. ಮೇಲಾಗಿ ಈ ವಿನಿಮಯವನ್ನು ಯೂಟ್ಯೂಬಿನ ನಿಯಮವೇ ನಿಷೇಧಿಸಿದೆ, ವಾಹಿನಿಯೇ ಮುಚ್ಚಿಹೋದೀತು. ಒಂದು ರಾತ್ರಿ ಸರದಿ ತೀರಿಸಲೆಂದು ಅಪರಿಚಿತರ ಅಡಿಗೆ ನೋಡುತ್ತ ಕುಳಿತಿದ್ದೆ. "ಏನ್ರೀ, ನನ್ನ ಹೊಸ ಪದ ಕೇಳಿದಿರೇನು?" ಎಂದಳು. ಕೇಳಿರಲಿಲ್ಲ. ಮರುದಿನವೇ ಬಳಗ ಬಿಟ್ಟೆ.